ಔಷಧಿ ಹೊಡೆಸಬೇಡ, ಮೊದಲು ಬಾಲ ನೋಡು

ತಮ್ಮಾ, ನಿನ್ನ ಮೆಸೇಜಿನಲ್ಲಿ ಎರಡು ಪ್ರಶ್ನೆ ಇದ್ದವು. ಚಿಂತಾಮಣಿ ಬಿಟ್ಟು ಇಂಗ್ಲೆಂಡಿಗೆ ಬಂದು ಮೂರು ತಿಂಗಳಾಯ್ತು, ಇಲ್ಲಿ ಮನಸ್ಸು ನಿಲ್ಲೋದು ಯಾವಾಗ ಅನ್ನೋದು ಒಂದು. ಬಾಡಿಗೆ ಮನೆ ಹಿತ್ತಲಲ್ಲಿ ಹಕ್ಕಿಗಳಿಗೆ ಅಂತ ತೂಗುಹಾಕಿದ್ದ ಮರದ ಪೆಟ್ಟಿಗೆಗೆ ಎಲ್ಲೂ ನೋಡದ ದುಂಬಿಗಳು ಸೇರಿಕೊಂಡಿವೆ, ಮನೆಯಲ್ಲಿ ಮಗು ಇದೆ, ಔಷಧಿ ಹೊಡೆಸಲಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ನನಗೆ ಎರಡು ಚಳಿಗಾಲ ಹಿಡಿಯಿತು, ಅಷ್ಟೇ ಹೇಳಬಲ್ಲೆ. ಎರಡನೆಯದಕ್ಕೆ ಉತ್ತರ ಸುಲಭ. ಹೊಡೆಸಬೇಡ.

ಬೆನ್ನು ಕೆಂಚು, ಹೊಟ್ಟೆ ಕಪ್ಪು, ಬಾಲ ಬಿಳಿ ಅಂತ ಬರೆದಿದ್ದೀಯ. ಅಷ್ಟು ಸಾಕು, ಅದು ಟ್ರೀ ಬಂಬಲ್‌ಬೀ. ಬಂಬಲ್‌ಬೀ ಅಂದರೆ ಜೇನಿನ ಬಳಗದ, ಮೈತುಂಬ ರೋಮದ ದಪ್ಪ ದುಂಬಿ. ಬ್ರಿಟನ್ನಿನಲ್ಲಿ ಇದು ಮೊದಲು ಕಂಡಿದ್ದೇ 2001ರಲ್ಲಿ, ದಕ್ಷಿಣದ ಕಡೆ. ಆಗ ಇಲ್ಲಿಯವರಿಗೂ ಅಪರೂಪದ ಹುಳ. ಈಗ ಸ್ಕಾಟ್ಲೆಂಡ್‌ವರೆಗೂ ಹರಡಿದೆ. ಪೆಟ್ಟಿಗೆ ಮುಂದೆ ದಿನವಿಡೀ ಗಿರಕಿ ಹೊಡೆಯುತ್ತಿವೆಯಲ್ಲ, ಅವು ಗಂಡು. ಹೊಸ ರಾಣಿ ಹೊರಬರಲಿ ಅಂತ ಕಾಯುತ್ತಿವೆ. ಗಂಡಿಗೆ ಮುಳ್ಳೇ ಇಲ್ಲ. ಒಳಗಿರುವ ಹೆಣ್ಣುಗಳು ಮಾತ್ರ ಪೆಟ್ಟಿಗೆ ಅಲ್ಲಾಡಿದರೆ ಸಿಟ್ಟಾಗಿ ಚುಚ್ಚುತ್ತವೆ. ಹಾಗಾಗಿ ಅದನ್ನು ತಟ್ಟಬೇಡ, ಅದರ ಕೆಳಗೆ ಹುಲ್ಲು ಕತ್ತರಿಸೋ ಮೆಷಿನ್ ಓಡಿಸಬೇಡ, ಮಗುವನ್ನು ಸ್ವಲ್ಪ ದೂರ ಆಡಿಸು. ಇನ್ನು ಕೆಲವೇ ವಾರ, ಗೂಡು ತಾನಾಗೇ ಖಾಲಿಯಾಗುತ್ತದೆ. ಜೇನುತುಪ್ಪದ ಆಸೆ ಇದ್ದರೆ ಬಿಡು, ಇವು ಅಷ್ಟೆಲ್ಲ ಕೂಡಿಡೋದಿಲ್ಲ.

ನಿನ್ನ ಭಯ ನನಗೆ ಗೊತ್ತು. ಅದು ಹೆಜ್ಜೇನಿನ ಭಯ. ಹೆಜ್ಜೇನು ಎದ್ದಿದೆ ಅಂದರೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳೋದನ್ನು ನೋಡಿ ಬೆಳೆದವರು ನಾವು. ನಾನು ಬಂದ ವರ್ಷ ಶೆಡ್ ಪಕ್ಕದ ಬಿಲದಿಂದ ದಪ್ಪ ದುಂಬಿಗಳು ಬರುತ್ತಿದ್ದವು. ಒಂದು ಪಾತ್ರೆ ಕುದಿಯೋ ನೀರು ಸುರಿದುಬಿಟ್ಟೆ. ಪಕ್ಕದ ಮನೆ ಅಜ್ಜಿ ಬೇಲಿಯಾಚೆಯಿಂದ ನೋಡಿದರು, ಏನೂ ಅನ್ನಲಿಲ್ಲ. ವಾರದ ಮೇಲೆ ಕರೆದು ತಮ್ಮ ಟೊಮೆಟೊ ಗಿಡ ತೋರಿಸಿದರು. ಹೂವನ್ನು ದುಂಬಿ ಬಿಗಿಯಾಗಿ ಹಿಡಿದು ಝುಂಯ್ ಅಂತ ನಡುಗಿಸುತ್ತಿತ್ತು. ಟೊಮೆಟೊ ಹೂವಿನ ಪರಾಗ ಸುಮ್ನೆ ಉದುರಲ್ಲ, ಹೀಗೆ ಅದುರಿಸಬೇಕು, ಜೇನುನೊಣಕ್ಕೆ ಈ ವಿದ್ಯೆ ಬರಲ್ಲ ಅಂದರು. ಇಲ್ಲಿನ ಗಾಜಿನ ಮನೆ ಬೆಳೆಗಾರರು ಬಂಬಲ್‌ಬೀ ಗೂಡನ್ನೇ ದುಡ್ಡು ಕೊಟ್ಟು ತರಿಸುತ್ತಾರಂತೆ.

ಕೋಲಾರದವಳು ನಾನು, ಟೊಮೆಟೊ ಕಾಸಲ್ಲೇ ಓದಿದವಳು. ಇದನ್ನು ಇಂಗ್ಲೆಂಡಿನ ಅಜ್ಜಿ ಹೇಳಿಕೊಡಬೇಕಾಯ್ತು! ನಮ್ಮ ಕಡೆ ಬಂಬಲ್‌ಬೀ ಇಲ್ಲ. ಆದರೆ ಕೊಟ್ಟಿಗೆ ಬಿದಿರು ಕೊರೆಯೋ ಕರೀ ದುಂಬಿ ಇದೆಯಲ್ಲ, ನಾವು ಪೊರಕೆಯಲ್ಲಿ ಹೊಡೆದು ಬೀಳಿಸುತ್ತಿದ್ದದ್ದು, ಅದೂ ಟೊಮೆಟೊ, ಬದನೆ ಹೂವಿಗೆ ಇದೇ ಕೆಲಸ ಮಾಡುತ್ತದೆ.

ಇನ್ನು ಮೇಲೆ ಹೊಸದೇನಾದರೂ ಕಂಡರೆ ಬಾಲದಿಂದ ಶುರು ಮಾಡು. ಮೈಯೆಲ್ಲ ಕಪ್ಪು, ಬಾಲ ಕೆಂಪು ಇದ್ದರೆ ರೆಡ್-ಟೇಲ್ಡ್ ಅನ್ನೋ ಬಂಬಲ್‌ಬೀ. ಬಾಲವೂ ಕೆಂಚಾಗಿದ್ದರೆ ಕಾರ್ಡರ್ ಅನ್ನೋ ಜಾತಿ. ಬಿಳಿ ಬಾಲದವೇ ತಲೆನೋವು, ಕೆಲವನ್ನು ಬಲ್ಲವರೂ ಕಣ್ಣಲ್ಲಿ ನೋಡಿ ಬೇರೆ ಮಾಡಲಾರರು. ಹಿಂಗಾಲನ್ನೂ ನೋಡು. ಹೆಣ್ಣಿಗೂ ಅಲ್ಲಿ ಪರಾಗ ತುಂಬೋ ಬುಟ್ಟಿ ಇಲ್ಲ, ರೆಕ್ಕೆ ಮಸಿ ಬಣ್ಣ ಅಂದರೆ ಅದು ಕುಕೂ ಜಾತಿ. ಕೋಗಿಲೆ ಬುದ್ಧಿ, ಇನ್ನೊಬ್ಬರ ಗೂಡಿಗೆ ನುಗ್ಗಿ ಅವರ ಕೈಲೇ ಮರಿ ಸಾಕಿಸುತ್ತದೆ. ಬೆನ್ನು, ಬಾಲ, ಕಾಲು ಮೂರೂ ಕಾಣೋ ಹಾಗೆ ಫೋಟೋ ತೆಗೆದು ಕಳಿಸು.

ಚಳಿಗಾಲದಲ್ಲಿ ಪೆಟ್ಟಿಗೆ ತೊಳೆದು ಮತ್ತೆ ತೂಗುಹಾಕು. ನನ್ನ ಹತ್ತಿರ ಟೊಮೆಟೊ ಸಸಿ ನಾಲ್ಕು ಜಾಸ್ತಿ ಇವೆ. ಭಾನುವಾರ ಮಗುವನ್ನೂ ಕರ್ಕೊಂಡು ಇಬ್ಬರೂ ಬನ್ನಿ, ಮುದ್ದೆ ಬಸ್ಸಾರು ಮಾಡಿರ್ತೀನಿ.