ಖಾಲಿ ಹೊಟ್ಟೆ, ಐದು ಕಾಫಿ, ಮೇಲೆ ಸಿಲ್ಕ್ ಬೋರ್ಡ್ ಜಾಮ್

ಪ್ರಶ್ನೆ: ಮೇಡಂ, ನಂಗೆ 32 ವರ್ಷ, ಎಲೆಕ್ಟ್ರಾನಿಕ್ ಸಿಟೀಲಿ ಕೆಲಸ. ಬೆಳಗ್ಗೆ 7ಕ್ಕೆ ಮಗನ್ನ ಸ್ಕೂಲ್ ವ್ಯಾನ್ ಹತ್ಸಿ ನಾನೂ ಓಡ್ತೀನಿ, ತಿಂಡಿಗೆ ಟೈಮಿಲ್ಲ, ಬರೀ ಕಾಫಿ, ದಿನಕ್ಕೆ ಐದಾಗುತ್ತೆ. ಊಟ ಮಧ್ಯಾಹ್ನ 1ಕ್ಕೆ, ಆಮೇಲೆ ರಾತ್ರಿ 9ಕ್ಕೆ. 11ರ ಮೀಟಿಂಗಲ್ಲಿ ಕೈ ನಡುಗುತ್ತೆ, ಎದೆ ಡವಡವ ಅನ್ನುತ್ತೆ, ಸಂಜೆ ಮಗನ ಮೇಲೆ ರೇಗಾಡ್ತೀನಿ, ರಾತ್ರಿ 1 ಆದ್ರೂ ನಿದ್ದೆ ಇಲ್ಲ. ಎಲ್ರೂ ಸ್ಟ್ರೆಸ್ ಅಂತಾರೆ. ಒಬ್ರು ಅಶ್ವಗಂಧ ಮಾತ್ರೆ ತಗೋ ಅಂದ್ರು, ತಗೊಳ್ಲಾ? ಸ್ಟ್ರೆಸ್ ಇಳಿಸೋ ಊಟ ಅಂತ ಏನಾದ್ರೂ ಇದ್ಯಾ?
– ಹೆಸರು ಬೇಡ, ಬನಶಂಕರಿ

ಉತ್ತರ: ಮೊದಲೇ ಹೇಳ್ಬಿಡ್ತೀನಿ, ನಿಮ್ಮ ಮ್ಯಾನೇಜರನ್ನ ಸರಿಮಾಡೋ ಸೊಪ್ಪು ಯಾವ ಮಾರ್ಕೆಟ್ಟಲ್ಲೂ ಸಿಗಲ್ಲ. ಆದ್ರೆ ನಿಮ್ಮ ಪತ್ರ ಎರಡು ಸಲ ಓದ್ದೆ, ಇದ್ರಲ್ಲಿ ಅರ್ಧ ಆಫೀಸಿನ ಟೆನ್ಶನ್ನು, ಇನ್ನರ್ಧ ಹಸಿವು ಅನ್ಸುತ್ತೆ ನಂಗೆ.

ರಾತ್ರಿ 9ರಿಂದ ಮಾರನೇ ದಿನ ಮಧ್ಯಾಹ್ನ 1, ಅಂದ್ರೆ 16 ಗಂಟೆ ಉಪವಾಸ, ಏಕಾದಶಿ ಮಾಡೋರೂ ನಡುವೆ ಒಂದು ಬಾಳೆಹಣ್ಣಾದ್ರೂ ತಿಂತಾರೆ. ರಕ್ತದಲ್ಲಿ ಸಕ್ಕರೆ ಇಳೀತಾ ಬಂದ್ರೆ ಅದನ್ನ ಎತ್ತೋಕೆ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಬಿಡುತ್ತೆ, ಕಿಡ್ನಿ ಮೇಲೆ ಟೋಪಿ ಥರ ಕೂತಿರೋ ಪುಟ್ಟ ಗ್ರಂಥಿಗಳಿಂದ. ಬಾಸ್ ಬೈದಾಗ್ಲೂ ಬರೋದು ಅವೇ. ಹಸಿವಿಗೆ ಬಂತೋ ಭಯಕ್ಕೆ ಬಂತೋ ಎದೆಗೇನು ಗೊತ್ತು, ಹೊಡ್ಕೊಳ್ಳುತ್ತೆ.

ಅದ್ರ ಮೇಲೆ ಕಾಫಿ. 150 ಎಂಎಲ್ ಫಿಲ್ಟರ್ ಕಾಫೀಲಿ ಸುಮಾರು 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2024ರಲ್ಲಿ ಹೇಳಿರೋ ಮಿತಿ ದಿನಕ್ಕೆ 300. ನಿಮ್ದು ದಾಟಿರುತ್ತೆ. ಸಂಜೆ 6ಕ್ಕೆ ಕುಡಿದದ್ರಲ್ಲಿ ಹೆಚ್ಚುಕಮ್ಮಿ ಅರ್ಧ ರಾತ್ರಿ 11ಕ್ಕೂ ಮೈಯಲ್ಲೇ ಇರುತ್ತೆ, ಇನ್ನು ನಿದ್ದೆ ಎಲ್ಲಿಂದ ಬರ್ಬೇಕು.

ಬೆಳಗ್ಗೆ ದೋಸೆ ಹುಯ್ಕೊಂಡು ಕೂತ್ಕೊಳ್ಳಿ ಅನ್ನಲ್ಲ, ಆಗದ ಮಾತು. ರಾಗಿ ಹುರಿಹಿಟ್ಟು ತಂದಿಟ್ಕೊಳ್ಳಿ. ಮೂರು ಚಮಚ ಬಾಟ್ಲಿಗೆ ಹಾಕಿ, ಮೊದಲು ಸ್ವಲ್ಪವೇ ಮಜ್ಜಿಗೆ ಹುಯ್ದು ಗಂಟಿಲ್ದಂಗೆ ಕಲಸಿ, ಆಮೇಲೆ ಉಳಿದ ಮಜ್ಜಿಗೆ, ಉಪ್ಪು, ಚಿಟಿಕೆ ಜೀರಿಗೆ ಪುಡಿ, ಮುಚ್ಚಳ ಹಾಕಿ ಕುಲುಕಿದ್ರೆ ಮುಗೀತು. ಒಲೆ ಹಚ್ಚೋ ಹಂಗೂ ಇಲ್ಲ. (ಉಲ್ಟಾ ಮಾಡಿ ಮಜ್ಜಿಗೆ ಮೇಲೆ ಹಿಟ್ಟು ಸುರಿದ್ರೆ ಗಂಟು ಗಂಟಾಗಿ ನನ್ನ ಬೈಕೊಳ್ತೀರಾ, ನಾನೂ ಮಾಡಿ ಅನುಭವಿಸಿದೀನಿ.) ಸಿಲ್ಕ್ ಬೋರ್ಡ್ ಹತ್ರ ಹೆಂಗೂ ಗಾಡಿ ನಿಂತೇ ಇರುತ್ತೆ, ಅಲ್ಲೇ ಕುಡೀರಿ, ಆದ್ರೆ ನೀವೇ ಓಡಿಸ್ತಿದ್ರೆ ಬೇಡ, ಇಳಿದ ಮೇಲೆ. ಜೊತೆಗೊಂದು ಬಾಳೆಹಣ್ಣು. ಕಾಫಿ ಇದಾದ್ಮೇಲೆ.

4 ಗಂಟೆಗೆ ಬೇಕರಿ ಪಫ್ಸ್ ಬದ್ಲು ಒಂದು ಹಿಡಿ ಕಡ್ಲೆಕಾಯಿ ಬೀಜ ಇಲ್ಲ ಹುರಿಗಡಲೆ. ಮಧ್ಯಾಹ್ನ ಬಸ್ಸಾರೋ ಹುಳಿಯೋ ಏನಿದ್ರೂ ಸರಿ, ಸೊಪ್ಪು ಇರ್ಲಿ, ನಿಂಬೆಹಣ್ಣು ಹಿಂಡ್ಕೊಳ್ಳಿ, ಆಗ ಸೊಪ್ಪಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತೆ. ಊಟದ ಬೆನ್ನಿಗೇ ಕಾಫಿ ಕುಡಿದ್ರೆ ಅಷ್ಟು ಹತ್ತಲ್ಲ, ಒಂದು ಗಂಟೆ ಬಿಡಿ.

ಅಶ್ವಗಂಧ ಈಗ್ಲೇ ಬೇಡ. ಥೈರಾಯ್ಡ್ ಮಾತ್ರೆ ತಗೊಳ್ಳೋರಿಗೆ ಅದು ಎಡವಟ್ಟು ಮಾಡ್ಬಹುದು, ಕೆಲವ್ರಿಗೆ ಲಿವರ್ ತೊಂದ್ರೆ ಆಗಿದ್ದೂ ಇದೆ. ಮೊದಲು ಡಾಕ್ಟರ್ ಹತ್ರ ಹೋಗಿ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಿಸ್ಕೊಳ್ಳಿ, ಎದೆ ಡವಡವ ಅನ್ನೋದನ್ನೂ ಹೇಳಿ, ರಕ್ತಹೀನತೇಲೂ ಥೈರಾಯ್ಡ್ ಜಾಸ್ತಿಯಾದ್ರೂ ಹಿಂಗೇ ಆಗುತ್ತೆ. ಊಟ ಸರಿ ಹೋದ್ಮೇಲೂ ರೇಗೋದು, ಅಳು ಬರೋದು ನಿಲ್ಲದಿದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದು, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಕಾಫಿ ಮಾತ್ರ ಒಂದೇ ಸಲಕ್ಕೆ ಬಿಡೋಕೆ ಹೋಗ್ಬೇಡಿ, ತಲೆ ಸಿಡಿಯುತ್ತೆ. ಮೊದಲ ವಾರ ಸಂಜೇದು ಬಿಡಿ. ಮಿಕ್ಕಿದ್ದಕ್ಕೆ ಪಕ್ಕದ ಸೀಟಿನವರನ್ನ ಕರ್ಕೊಂಡು ಹೋಗಿ ಬೈಟೂ ಹೇಳಿ.