ಪ್ರತಿಕ್ರಿಯೆ: ಬೆಂಗಳೂರಲ್ಲಿ ಲೈವ್ ಜಾಝ್ ಎಲ್ಲಿ?
ಕರ್ನಾಟಕ ಸಂಗೀತ ಕೇಳಿ ಬೆಳೆದವನು, ಕುಡಿಯಲ್ಲ, ಲೈವ್ ಜಾಝ್ ಕೇಳೋಕೆ ಬೆಂಗಳೂರಲ್ಲಿ ಎಲ್ಲಿಗೆ ಹೋಗ್ಲಿ ಅಂತ ಕೇಳಿದ್ದೀರಿ. ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್‌ಗೆ ಹೋಗಿ ಸರ್. ಹೆಸರಿಗೆ ಬ್ರೂವರಿ, ಆದರೆ ಒಳಗಿನ ಜಾಝ್ ಥಿಯೇಟರಿಗೆ ಜನ ಬರೋದು ಕೇಳೋಕೆ. ಮುಂದಿನ ಕಛೇರಿಗಳ ಪಟ್ಟಿ ಅವರ ಜಾಲತಾಣದಲ್ಲಿ ನೋಡಿ, ಟಿಕೆಟ್ ಮೊದಲೇ ತಗೊಳ್ಳಿ. ಏಪ್ರಿಲ್ 30 ಅಂತಾರಾಷ್ಟ್ರೀಯ ಜಾಝ್ ದಿನ, ಆ ವಾರದ ಮೇಲೂ ಕಣ್ಣಿಡಿ.

ಆದಷ್ಟು ವೇದಿಕೆ ಹತ್ತಿರ ಕೂತ್ಕೊಳ್ಳಿ. ನಿಧಾನದ ಹಾಡಿಗೆ ಡ್ರಮ್ಮರ್ ಕೋಲು ಬದಿಗಿಟ್ಟು ತಂತಿ ಬ್ರಷ್ಷಿನಿಂದ ಸ್ನೇರ್ ಡ್ರಮ್ ಸವರುವ ಸದ್ದು ಫೋನಲ್ಲಿ ಸಿಗೋದಲ್ಲ. ಒಬ್ಬೊಬ್ಬರ ಸೋಲೋ ಮುಗಿದಾಗಲೂ ಚಪ್ಪಾಳೆ ಬೀಳುತ್ತೆ, ನಮ್ಮ ಕಛೇರಿಲಿ ಮೃದಂಗದವರ ತನಿ ಆವರ್ತನಕ್ಕೆ ಬೀಳೋ ಹಾಗೆ.

ಅಂದಹಾಗೆ, ಹೋಗೋ ಮುಂಚೆ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ 1983ರಲ್ಲಿ ನಮ್ಮ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜತೆ ಮಾಡಿದ ರೆಕಾರ್ಡಿಂಗ್ ಹುಡುಕಿ ಕೇಳಿ. ಆರ್.ಎ. ರಮಾಮಣಿಯವರ ದನಿ ಇದೆ, ನಿಮಗೆ ಹೊಸದು ಅನ್ನಿಸೋದೇ ಇಲ್ಲ.