ಜರೀಗಿಡವೋ, ಬೀಜದ ಗಿಡವೋ?

ಪ್ರಶ್ನೆ: ಕಲ್ಲಿದ್ದಲ ಪದರಗಳಲ್ಲಿ ಸಿಗುವ ಪೆಕಾಪ್ಟೆರಿಸ್ ಎಲೆಯ ಪಳೆಯುಳಿಕೆಯನ್ನು ಗುರುತಿಸುವುದು ಹೇಗೆ? ಅದು ನಿಜವಾಗಿ ಜರೀಗಿಡವೇ (ಬೀಜ ಬಿಡದ ಫರ್ನ್)?

ಉತ್ತರ: ಮೊದಲು ಕಿರುಎಲೆಯ ಬುಡ ನೋಡಿ. ಪೆಕಾಪ್ಟೆರಿಸ್‌ನಲ್ಲಿ ಬುಡದ ಇಡೀ ಅಗಲ ಕಡ್ಡಿಗೆ ಅಂಟಿರುತ್ತದೆ. ಅಂಚುಗಳು ಹೆಚ್ಚುಕಡಿಮೆ ಸಮಾನಾಂತರ, ತುದಿ ದುಂಡು, ನಡುನರ ಸ್ಪಷ್ಟ. ಬುಡ ಕಿರಿದಾಗಿ ಒಂದೇ ಬಿಂದುವಿನಲ್ಲಿ ಅಂಟಿದ್ದರೆ ನ್ಯೂರಾಪ್ಟೆರಿಸ್. ಬುಡ ಕಡ್ಡಿಯುದ್ದಕ್ಕೆ ಇಳಿದು ಪಕ್ಕದ ಕಿರುಎಲೆಯನ್ನು ಮುಟ್ಟಿದ್ದರೆ ಅಲೆಥಾಪ್ಟೆರಿಸ್. ಈ ಎರಡೂ ಬೀಜ ಬಿಡುತ್ತಿದ್ದ ಗಿಡಗಳ ಎಲೆಗಳು. ಜರೀಗಿಡದಂಥ ಎಲೆಯ ಗಿಡವೂ ಬೀಜ ಬಿಡುತ್ತಿತ್ತೆಂದು ಬ್ರಿಟಿಷ್ ವಿಜ್ಞಾನಿಗಳಾದ ಆಲಿವರ್ ಮತ್ತು ಸ್ಕಾಟ್ 1903ರಲ್ಲಿ ತೋರಿಸಿದ್ದು ಸಸ್ಯವಿಜ್ಞಾನದ ಅತಿ ಸುಂದರ ಶೋಧಗಳಲ್ಲೊಂದು.

ಪೆಕಾಪ್ಟೆರಿಸ್ ಎಂಬುದು ಎಲೆಯ ಆಕಾರಕ್ಕಿಟ್ಟ ಹೆಸರು. ಬಹುಪಾಲು ಸರೋನಿಯಸ್ ಎಂಬ ಮರಜರೀಗಿಡದವು, ಕೆಲವು ಬೀಜದ ಗಿಡಗಳದ್ದೂ ಹೌದು. ಆದ್ದರಿಂದ ಆಕಾರವೊಂದೇ ಸಾಲದು. 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದು, ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ. ಕಿರುಎಲೆಯ ಕೆಳಮೈಯಲ್ಲಿ ಬೀಜಕಣಗಳ (ಬೀಜವಲ್ಲ, ಜರೀಗಿಡ ಹರಡಲು ಬಿಡುವ ಧೂಳಿನಂಥ ಕಣ) ಚೀಲಗಳು ಗುಂಪುಗುಂಪಾಗಿ ಕಂಡರೆ ಜರೀಗಿಡವೇ. ಕಾಣದಿದ್ದರೆ ಅಲ್ಲವೆಂದು ತೀರ್ಮಾನಿಸಬೇಡಿ: ಅದು ಬರಡು ಎಲೆಯಾಗಿರಬಹುದು, ಇಲ್ಲವೇ ಮೇಲ್ಮೈ ಮಾತ್ರ ತೆರೆದುಕೊಂಡಿರಬಹುದು. ಒಡೆದ ಕಲ್ಲಿನ ಎರಡೂ ಹೋಳುಗಳನ್ನು ಜೊತೆಗೇ ಇಡಬೇಕಾದ್ದು ಇದಕ್ಕೇ. ಶುಚಿ ಮಾಡಲೆಂದು ಕಲ್ಲನ್ನು ನೀರಿನಲ್ಲಿ ನೆನೆಸಬೇಡಿ. ಜೇಡಿಪದರ ಉಬ್ಬಿ ಎಲೆಯ ಇದ್ದಿಲ ಪೊರೆ ಎದ್ದುಹೋಗುತ್ತದೆ. ಒಣಗಿದ ಮೃದು ಕುಂಚ ಸಾಕು.